ಬ್ಯಾಂಕ್ ಗುರುತಿಸದ ಮನೆಯ ಕಂಪ್ಯೂಟರ್: ಮಲೆನಾಡಿನ ಒಂದು ಪ್ರಕರಣ

ಹಿನ್ನೆಲೆ

ಮಲೆನಾಡಿನ ಒಂದು ಹಳ್ಳಿಯಲ್ಲಿ ಒಬ್ಬರೇ ವಾಸಿಸುವ, ಪ್ರೌಢಶಾಲೆಯಿಂದ ನಿವೃತ್ತರಾದ ಶಿಕ್ಷಕಿಯೊಬ್ಬರ ಅನುಭವವನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ದಾಖಲಿಸುತ್ತಿದ್ದೇನೆ. ಅವರ ಹೆಸರು, ಊರು, ಬ್ಯಾಂಕು ಯಾವುದನ್ನೂ ಹೇಳಿಲ್ಲ. ಗುರುತು ಸಿಗಬಹುದಾದ ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ. ಊರಿನವರು ಅವರನ್ನು ಟೀಚರ್ ಎಂದೇ ಕರೆಯುತ್ತಾರೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಹಿರಿಯ ನಾಗರಿಕರ ಬ್ಯಾಂಕ್ ವ್ಯವಹಾರಕ್ಕೆ ಕಂಪ್ಯೂಟರ್ ನೆರವು ನೀಡುವವನಾಗಿ ನಾನು ಈ ಪ್ರಕರಣದೊಳಗೆ ಬಂದೆ.

ಟೀಚರ್ ಕಂಪ್ಯೂಟರಿಗೆ ಹೊಸಬರಲ್ಲ. ಸೇವೆಯಲ್ಲಿದ್ದಾಗಲೇ ಶಾಲೆಯ ಅಂಕಪಟ್ಟಿಗಳನ್ನು ತಾವೇ ಸಿದ್ಧಪಡಿಸುತ್ತಿದ್ದವರು. ಬೇರೆ ಊರಿನಲ್ಲಿ ಉದ್ಯೋಗದಲ್ಲಿರುವ ಮಗ ತಂದಿಟ್ಟ ಡೆಸ್ಕ್‌ಟಾಪ್ ಅವರ ನಡುಮನೆಯಲ್ಲಿದೆ, ಅದಕ್ಕೆ ಫೈಬರ್ ಬ್ರಾಡ್‌ಬ್ಯಾಂಡ್ ಸಂಪರ್ಕವೂ ಯುಪಿಎಸ್ಸೂ ಇವೆ. ಪಿಂಚಣಿ ಜಮೆಯಾಯಿತೇ ಎಂದು ನೋಡುವುದು, ವಿದ್ಯುತ್ ಬಿಲ್ಲು ಕಟ್ಟುವುದು, ಚಿಕ್ಕದೊಂದು ಅಡಿಕೆ ತೋಟದ ಕೆಲಸದವರಿಗೆ ಕೂಲಿಯನ್ನು ಅವರವರ ಖಾತೆಗೇ ಹಾಕುವುದು ಎಲ್ಲವೂ ಆ ಕಂಪ್ಯೂಟರಿನಿಂದಲೇ ನಡೆಯುತ್ತದೆ. ಕೈಯಲ್ಲಿರುವುದು ಕೀಪ್ಯಾಡ್ ಫೋನ್. ಕಣ್ಣಿನ ತೊಂದರೆಯಿಂದಾಗಿ ಚಿಕ್ಕ ಪರದೆಯಲ್ಲಿ ಹಣದ ವ್ಯವಹಾರ ಮಾಡುವುದಿಲ್ಲವೆಂದು ಅವರು ಯೋಚಿಸಿಯೇ ತೀರ್ಮಾನಿಸಿದ್ದರು. ಸ್ಮಾರ್ಟ್‌ಫೋನ್ ಕೊಂಡು ಆ್ಯಪ್ ಹಾಕಿಕೊಳ್ಳಿ ಎಂಬ ಸಲಹೆ ಈ ಪ್ರಕರಣದುದ್ದಕ್ಕೂ ಹಲವರಿಂದ ಬಂದಿತಾದರೂ, ತಮಗೆ ಹೊಂದುವ ಸಾಧನವನ್ನು ಆರಿಸಿಕೊಳ್ಳುವ ಹಕ್ಕು ಗ್ರಾಹಕರದ್ದು ಎಂದು ನಂಬಿರುವ ನಾನು ಆ ದಾರಿಗೆ ಹೋಗಲಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಅವರ ಮನೆಯೊಳಗೆ ಮೊಬೈಲ್ ನೆಟ್‌ವರ್ಕ್ ಸಿಗುವುದಿಲ್ಲ. ಅಂಗಳ ದಾಟಿ, ನಾಲ್ಕು ಮೆಟ್ಟಿಲು ಇಳಿದು ಉಣಗೋಲಿನ (ಬೇಲಿಯ ಬಾಗಿಲಿನ) ಬಳಿ ನಿಂತರೆ ಮಾತ್ರ ಸಂದೇಶಗಳು ಬರುತ್ತವೆ. ಮಳೆಗಾಲದಲ್ಲಿ ಆ ಮೆಟ್ಟಿಲುಗಳು ಪಾಚಿ ಕಟ್ಟಿ ಜಾರುತ್ತವೆ. ವಿದ್ಯುತ್ ಹೋಗಿ ಟವರ್ ನಿಂತರೆ ಅಲ್ಲಿಯೂ ನೆಟ್‌ವರ್ಕ್ ಇರುವುದಿಲ್ಲ. ನಗರದಲ್ಲಿ ಕುಳಿತು ವಿನ್ಯಾಸ ಮಾಡಿದ ಭದ್ರತಾ ಕ್ರಮವೊಂದು ಇಂತಹ ಮನೆಯನ್ನು ತಲುಪಿದಾಗ ಏನಾಗುತ್ತದೆ ಎಂಬುದೇ ಈ ಬರಹದ ವಿಷಯ.

ಸಮಸ್ಯೆ

2024ರ ಮಳೆಗಾಲದಲ್ಲಿ ಟೀಚರ್ ನನಗೆ ಹೇಳಿದ ತೊಂದರೆ ಸರಳವಾಗಿಯೇ ಇತ್ತು. ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಹಾಕಿದ ಮೇಲೆ ಬ್ಯಾಂಕಿನ ಜಾಲತಾಣವು ‘ಈ ಕಂಪ್ಯೂಟರ್ ನಮಗೆ ಪರಿಚಿತವಲ್ಲ’ ಎಂದು ಹೇಳಿ ಒಟಿಪಿ ಕೇಳುತ್ತಿತ್ತು. ಒಟಿಪಿ ಹಾಕಿದ ಬಳಿಕ, ಇದನ್ನು ನಂಬಿಕೆಯ ಕಂಪ್ಯೂಟರ್ ಎಂದು ನೆನಪಿಟ್ಟುಕೊಳ್ಳಬೇಕೇ ಎಂದು ಕೇಳುತ್ತಿತ್ತು. ಅವರು ಪ್ರತಿ ಸಲವೂ ಹೌದು ಎಂದು ಗುರುತು ಹಾಕುತ್ತಿದ್ದರು. ಮರುದಿನ ಅದೇ ಕಂಪ್ಯೂಟರ್ ಮತ್ತೆ ಅಪರಿಚಿತವಾಗಿರುತ್ತಿತ್ತು. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಹೊಸ ಸಾಧನದಿಂದ ಪ್ರವೇಶಿಸಿದ ಖಾತೆಗೆ ಈ ಬ್ಯಾಂಕು ಒಂದು ದಿನದ ಮಟ್ಟಿಗೆ ವರ್ಗಾವಣೆಯ ಮಿತಿಯನ್ನು ತಗ್ಗಿಸುತ್ತಿತ್ತು. ಹೀಗಾಗಿ ಸ್ವಂತ ಮನೆಯಲ್ಲಿ, ಸ್ವಂತ ಕಂಪ್ಯೂಟರಿನ ಮುಂದೆ ಕುಳಿತ ಟೀಚರ್ ದಿನವೂ ಹೊಸಬರ ಮಿತಿಯೊಳಗೇ ಇರಬೇಕಾಗಿತ್ತು. ಎಲ್ಲರ ಕೂಲಿಯನ್ನು ಒಂದೇ ದಿನ ಹಾಕಲು ಆಗುತ್ತಿರಲಿಲ್ಲ.

ಈ ತೊಂದರೆಗೆ ಅವರು ತಾವೇ ಒಂದು ಪರಿಹಾರ ಕಂಡುಕೊಂಡಿದ್ದರು. ಪಕ್ಕದ ಮನೆಯ ಹುಡುಗ ಅವರ ಫೋನ್ ಹಿಡಿದು ಉಣಗೋಲಿನ ಬಳಿ ನಿಲ್ಲುತ್ತಿದ್ದ. ಸಂದೇಶ ಬಂದ ಕೂಡಲೇ ಒಟಿಪಿಯನ್ನು ಅಲ್ಲಿಂದಲೇ ಕೂಗಿ ಹೇಳುತ್ತಿದ್ದ. ಟೀಚರ್ ನಡುಮನೆಯಲ್ಲಿ ಕುಳಿತು ಅದನ್ನು ಟೈಪ್ ಮಾಡುತ್ತಿದ್ದರು. ಆ ಹುಡುಗ ಒಳ್ಳೆಯವನು, ಅವನ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ, ನನಗೂ ಇಲ್ಲ. ಆದರೆ ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರು ತಮ್ಮ ಪಾವತಿಯ ಗುಪ್ತ ವಿವರಗಳನ್ನು ಇನ್ನೊಬ್ಬರೊಂದಿಗೆ ಹಂಚಿಕೊಂಡು ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟವನ್ನು ಗ್ರಾಹಕರೇ ಹೊರಬೇಕಾಗಿತ್ತು. ಬ್ಯಾಂಕಿನ ತಪ್ಪೂ ಗ್ರಾಹಕರ ತಪ್ಪೂ ಅಲ್ಲದೆ ಬೇರೆಲ್ಲೋ ಆದ ಸೋರಿಕೆಯಿಂದ ಹಣ ಹೋದಾಗ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಅದೇ ಸುತ್ತೋಲೆ ಗ್ರಾಹಕರ ಮೇಲೆ ಯಾವ ಹೊಣೆಯನ್ನೂ ಹೊರಿಸುತ್ತಿರಲಿಲ್ಲ. ಕೂಗಿ ಹೇಳಿದ ಒಟಿಪಿ ಟೀಚರನ್ನು ಈ ಎರಡನೆಯ ರಕ್ಷಣೆಯಿಂದ ಹೊರಗೆ ತಂದು ಮೊದಲನೆಯ ಹೊಣೆಯ ಕೆಳಗೆ ನಿಲ್ಲಿಸಬಹುದಾಗಿತ್ತು.

ಇದಕ್ಕಿಂತ ಹೆಚ್ಚು ಕಳವಳ ಹುಟ್ಟಿಸಿದ ಸಂಗತಿ ಅವರ ಫೋನಿನ ಸಂದೇಶಗಳನ್ನು ಒಟ್ಟಿಗೆ ಕುಳಿತು ನೋಡುವಾಗ ಕಣ್ಣಿಗೆ ಬಿತ್ತು. ‘ನಿಮ್ಮ ಖಾತೆಗೆ ಹೊಸ ಸಾಧನದಿಂದ ಪ್ರವೇಶವಾಗಿದೆ, ಇದು ನೀವಲ್ಲದಿದ್ದರೆ ಕೂಡಲೇ ತಿಳಿಸಿ’ ಎಂಬ ಒಂದೇ ಸಂದೇಶ ಸಾಲುಸಾಲಾಗಿ ತುಂಬಿಕೊಂಡಿತ್ತು. ಇವನ್ನು ಓದುತ್ತೀರಾ ಎಂದು ಕೇಳಿದೆ. “ಅದು ದಿನಾ ಬರ್ತದೆ ಮಾರಾಯ್ರೇ, ನಾನು ತೆಗೆದೂ ನೋಡೋದಿಲ್ಲ” ಎಂದರು. ಬೇರೆ ಯಾರಾದರೂ ನಿಜವಾಗಿ ಅವರ ಖಾತೆಯೊಳಗೆ ಹೊಕ್ಕಿದ್ದರೆ ಬರುತ್ತಿದ್ದುದೂ ಅದೇ ಸಂದೇಶ, ಅದೇ ಅಕ್ಷರಗಳಲ್ಲಿ. ಅಲ್ಲಿಂದ ಮುಂದೆ ನನ್ನ ದೃಷ್ಟಿಯಲ್ಲಿ ಇದು ಅನುಕೂಲದ ಪ್ರಶ್ನೆಯಾಗಿ ಉಳಿಯಲಿಲ್ಲ. ಸುಳ್ಳು ಎಚ್ಚರಿಕೆ ದಿನವೂ ಬರುವ ಖಾತೆಗೆ ಎಚ್ಚರಿಕೆಯೇ ಇಲ್ಲ. ಕಂಪ್ಯೂಟರನ್ನು ಬ್ಯಾಂಕು ಗುರುತಿಸುವಂತೆ ಮಾಡಲೇಬೇಕಾಗಿದ್ದುದು ಟೀಚರ್ ಮೆಟ್ಟಿಲು ಇಳಿಯುವುದನ್ನು ತಪ್ಪಿಸಲಿಕ್ಕೆ ಮಾತ್ರವಲ್ಲ, ಆ ಸಂದೇಶಕ್ಕೆ ಮತ್ತೆ ಅರ್ಥ ಬರಲಿಕ್ಕೆ.

ಬ್ಯಾಂಕು ಕಂಪ್ಯೂಟರನ್ನು ಗುರುತಿಸುವ ಬಗೆ

ಮುಂದಿನ ತೀರ್ಮಾನಗಳು ತಿಳಿಯಬೇಕಾದರೆ ಇದಿಷ್ಟು ಗೊತ್ತಿರಬೇಕು. ಜಾಲತಾಣಕ್ಕೆ ಕಂಪ್ಯೂಟರಿನ ಯಂತ್ರಸಂಖ್ಯೆಯಾಗಲಿ, ನೆಟ್‌ವರ್ಕ್ ಕಾರ್ಡಿನ ವಿಳಾಸವಾಗಲಿ ಕಾಣುವುದಿಲ್ಲ. ಬ್ಯಾಂಕು ತನ್ನ ಖಾತೆದಾರರ ಯಂತ್ರವನ್ನೇ ನೋಡಿ ಗುರುತು ಹಿಡಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ಸರಿಯಲ್ಲ. ‘ನೆನಪಿಟ್ಟುಕೋ’ ಎಂದು ಗುರುತು ಹಾಕಿದಾಗ ಬ್ಯಾಂಕು ಸಾಮಾನ್ಯವಾಗಿ ಊಹಿಸಲಾಗದ ಒಂದು ಉದ್ದನೆಯ ಸಂಕೇತವನ್ನು ಬ್ರೌಸರ್‌ನಲ್ಲಿ ಕುಕಿಯಾಗಿ, ಅಂದರೆ ಜಾಲತಾಣವು ಬ್ರೌಸರ್‌ನೊಳಗೆ ಉಳಿಸುವ ಚಿಕ್ಕ ದಾಖಲೆಯಾಗಿ, ಇಡುತ್ತದೆ, ಅದರ ಜೋಡಿಯನ್ನು ತನ್ನ ಕಡೆಯಲ್ಲಿ ಉಳಿಸಿಕೊಳ್ಳುತ್ತದೆ. ಮುಂದಿನ ಸಲ ಬ್ರೌಸರ್ ಆ ಕುಕಿಯನ್ನು ತೋರಿಸಿದರೆ ಕಂಪ್ಯೂಟರ್ ಪರಿಚಿತ, ತೋರಿಸದಿದ್ದರೆ ಅಪರಿಚಿತ. ಒಂದೇ ಕಂಪ್ಯೂಟರಿನಲ್ಲಿ ಎರಡು ಬ್ರೌಸರ್ ಇದ್ದರೆ ಬ್ಯಾಂಕಿಗೆ ಅವು ಎರಡು ಬೇರೆ ಸಾಧನಗಳು. ಬ್ರೌಸರ್‌ನ ಖಾಸಗಿ (ಇನ್‌ಕಾಗ್ನಿಟೊ) ಕಿಟಕಿಯಲ್ಲಿ ತೆರೆದರೆ ಅದು ಮುಚ್ಚುವವರೆಗೆ ಮಾತ್ರ ಬಾಳುವ ಇನ್ನೊಂದು ಸಾಧನ.

ಕುಕಿಯೊಂದನ್ನೇ ನಂಬುವುದು ಸಾಲದು ಎಂಬುದು ಬಹಳ ಹಿಂದೆಯೇ ಗೊತ್ತಾಗಿತ್ತು. ಅಮೆರಿಕದ ಬ್ಯಾಂಕ್ ನಿಯಂತ್ರಕರ ಮಂಡಳಿಯು 2011ರಲ್ಲಿ ಹೊರಡಿಸಿದ ಪೂರಕ ಮಾರ್ಗಸೂಚಿಯಲ್ಲಿಯೇ, ಸರಳವಾದ ಕುಕಿಯನ್ನು ವಂಚಕರು ನಕಲು ಮಾಡಿ ತಮ್ಮ ಯಂತ್ರದಲ್ಲಿ ಇಟ್ಟುಕೊಳ್ಳಬಹುದೆಂದು ಎಚ್ಚರಿಸಿ, ಇತರ ಲಕ್ಷಣಗಳನ್ನೂ ಸೇರಿಸಿ ನೋಡಬೇಕೆಂದು ಹೇಳಿತ್ತು. ಆದುದರಿಂದ ಬ್ಯಾಂಕುಗಳು ಬ್ರೌಸರ್‌ನ ಬಗೆ, ಪರದೆಯ ಅಳತೆ, ಸಮಯವಲಯ, ಸಂಪರ್ಕ ಬರುತ್ತಿರುವ ಸ್ಥಳದ ಅಂದಾಜು ಮೊದಲಾದವನ್ನೂ ಹೋಲಿಸುತ್ತವೆ. ನಮ್ಮಲ್ಲಿಯೂ, ಪಾವತಿಯ ದೃಢೀಕರಣದ ಬಗ್ಗೆ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿ 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಮಾಡಿರುವ ನಿರ್ದೇಶನಗಳು, ಕಡ್ಡಾಯವಾದ ಎರಡು ಹಂತಗಳ ಜೊತೆಗೆ ಸ್ಥಳ, ಸಾಧನದ ಲಕ್ಷಣ, ಬಳಕೆದಾರರ ರೂಢಿ ಇತ್ಯಾದಿಗಳನ್ನು ನೋಡಿ ಅಪಾಯವನ್ನು ಅಳೆಯಲು ಅವಕಾಶ ಕೊಡುತ್ತವೆ. ಟೀಚರ್ ಪ್ರಕರಣದಲ್ಲಿ ಈ ಇತರ ಲಕ್ಷಣಗಳಾವುವೂ ಬದಲಾಗಿರಲಿಲ್ಲ. ಆದರೆ ಅದು ಗೊತ್ತಾಗುವ ಮೊದಲು ಹಲವು ಪ್ರಯತ್ನಗಳು ವ್ಯರ್ಥವಾಗಿದ್ದವು.

ಮಾಡಿದ ಪ್ರಯತ್ನಗಳು

ಶಾಖೆಯಲ್ಲಿ ಮೊದಲು ಸಿಕ್ಕ ಸಲಹೆ ಪಾಸ್‌ವರ್ಡ್ ಬದಲಿಸುವುದು. ಪಾಸ್‌ವರ್ಡಿಗೂ ಸಾಧನದ ಗುರುತಿಗೂ ಸಂಬಂಧವಿಲ್ಲದುದರಿಂದ ಅದರಿಂದ ಏನೂ ಆಗಲಿಲ್ಲ. ಮೈದುನನ ಮಗ ಬಂದಾಗ ಬ್ರೌಸರ್ ತೆಗೆದು ಹೊಸದಾಗಿ ಹಾಕಿಕೊಟ್ಟ. ಟೀಚರ್ ಉಳಿಸಿಟ್ಟುಕೊಂಡಿದ್ದ ಬುಕ್‌ಮಾರ್ಕ್‌ಗಳು ಹೋದವು, ತೊಂದರೆ ಉಳಿಯಿತು. ಇಂಟರ್‌ನೆಟ್ ಸಂಪರ್ಕದ ವಿಳಾಸ ದಿನವೂ ಬದಲಾಗುವುದೇ ಕಾರಣವಿರಬೇಕೆಂದು ಇನ್ನೊಬ್ಬರು ಹೇಳಿದರು. ಮನೆಯ ಸಂಪರ್ಕಗಳಲ್ಲಿ ಐಪಿ ವಿಳಾಸ ಬದಲಾಗುವುದು ಸಹಜ, ಅದರಿಂದ ಕೆಲವೊಮ್ಮೆ ಬ್ಯಾಂಕಿಗೆ ಸಂಶಯ ಬರುವುದೂ ಉಂಟು. ಆದರೆ ಅದೊಂದೇ ಕಾರಣವಾಗಿದ್ದರೆ ಸಂಪರ್ಕ ಕಡಿದು ಸೇರಿದ ದಿನಗಳಲ್ಲಿ ಮಾತ್ರ ತೊಂದರೆ ಕಾಣಬೇಕಿತ್ತು.

ಈ ಹಂತದಲ್ಲಿ ನಡೆದ ಒಂದು ಘಟನೆ ಪ್ರಕರಣವನ್ನು ಬೇರೆಯೇ ದಿಕ್ಕಿಗೆ ಒಯ್ಯಬಹುದಿತ್ತು. ಬೇಸತ್ತ ಟೀಚರ್ ಬ್ಯಾಂಕಿನ ಗ್ರಾಹಕ ಸೇವೆಯ ಸಂಖ್ಯೆಯನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ, ಮೊದಲು ಕಂಡ ಸಂಖ್ಯೆಗೆ ಕರೆ ಮಾಡಿದರು. ಆ ಕಡೆಯ ವ್ಯಕ್ತಿ ಸೌಜನ್ಯದಿಂದಲೇ ಮಾತನಾಡಿ, ಕಂಪ್ಯೂಟರನ್ನು ‘ವೆರಿಫೈ’ ಮಾಡಿಕೊಡುವುದಾಗಿ ಹೇಳಿ, ಪರದೆಯನ್ನು ದೂರದಿಂದ ನೋಡಲು ಬಿಡುವ ತಂತ್ರಾಂಶವೊಂದನ್ನು ಹಾಕಿಕೊಳ್ಳಲು ಸೂಚಿಸಿದ. ಟೀಚರ್ ಅದನ್ನು ಇಳಿಸಿಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿದರು: “ನನ್ನ ಖಾತೆ ಯಾವ ಶಾಖೆಯಲ್ಲಿದೆ ಅಂತ ನೀವೇ ಹೇಳಿ ನೋಡುವ.” ಅವನು ಹೇಳಲಿಲ್ಲ, ಬದಲಿಗೆ ಕಾರ್ಡಿನ ಸಂಖ್ಯೆ ಕೇಳಿದ. ಟೀಚರ್ ಕರೆ ಕಡಿದರು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಿತ್ತು. ಹೋಗಿರಲಿಲ್ಲವಾದ್ದರಿಂದ ಆ ಸಂಖ್ಯೆಯನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ವರದಿ ಮಾಡಿ, ಕಂಪ್ಯೂಟರಿನಲ್ಲಿ ಏನೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡೆವು. ಬಗೆಹರಿಯದ ಸಣ್ಣ ತೊಂದರೆಯೊಂದು ಎಚ್ಚರವುಳ್ಳ ವ್ಯಕ್ತಿಯನ್ನೂ ವಂಚಕರ ಬಾಗಿಲಿನವರೆಗೆ ಕರೆದೊಯ್ಯುತ್ತದೆ ಎಂಬುದನ್ನು ನಾನು ಇಷ್ಟು ಹತ್ತಿರದಿಂದ ಕಂಡದ್ದು ಇದೇ ಮೊದಲು.

ಆ ನಂತರ ಊಹೆಗಳನ್ನು ಬದಿಗಿಟ್ಟು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವ ಕ್ರಮಕ್ಕೆ ಬಂದೆವು. ಒಟಿಪಿ ಹಾಕಿ, ನಂಬಿಕೆಯ ಗುರುತು ಹಾಕಿ, ಖಾತೆಯಿಂದ ಲಾಗ್‌ಔಟ್ ಆಗಿ, ಬ್ರೌಸರ್ ಮುಚ್ಚದೆ ಹಾಗೆಯೇ ಮತ್ತೆ ಪ್ರವೇಶಿಸಿದೆವು. ಬ್ಯಾಂಕು ಪಾಸ್‌ವರ್ಡ್ ಮಾತ್ರ ಕೇಳಿತು. ಅಂದರೆ ಬ್ಯಾಂಕು ಸಂಕೇತವನ್ನು ಸರಿಯಾಗಿಯೇ ಕೊಡುತ್ತಿದೆ, ಬ್ರೌಸರ್ ಅದನ್ನು ಸರಿಯಾಗಿಯೇ ತೋರಿಸುತ್ತಿದೆ. ಬಳಿಕ ಬ್ರೌಸರ್‌ನ ಎಲ್ಲ ಕಿಟಕಿಗಳನ್ನು ಮುಚ್ಚಿ, ಕಂಪ್ಯೂಟರನ್ನು ಆರಿಸದೆ, ಮತ್ತೆ ತೆರೆದು ಪ್ರವೇಶಿಸಿದಾಗ ಅದೇ ಹಳೆಯ ‘ಪರಿಚಿತವಲ್ಲ’ ಎಂಬ ಉತ್ತರ ಬಂದಿತು. ಸಂಪರ್ಕ ಬದಲಾಗಿಲ್ಲ, ಪಾಸ್‌ವರ್ಡ್ ಬದಲಾಗಿಲ್ಲ, ಗಡಿಯಾರ ಸರಿಯಾಗಿದೆ. ಬ್ರೌಸರ್ ಮುಚ್ಚುವ ಆ ಒಂದು ಕ್ರಿಯೆಯಲ್ಲಿ ಸಂಕೇತ ಅಳಿಸಿಹೋಗುತ್ತಿದೆ. ಬೇರೇನನ್ನೂ ಮಾಡದಿದ್ದರೂ ಈ ಎರಡು ಪರೀಕ್ಷೆಗಳನ್ನು ಮಾಡಿ ಎಂದು ಇಂತಹ ತೊಂದರೆಯಿರುವ ಎಲ್ಲರಿಗೂ ಹೇಳಬಯಸುತ್ತೇನೆ. ತೊಂದರೆ ಬ್ಯಾಂಕಿನದೋ ಮನೆಯದೋ ಎಂಬುದು ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ.

ಬ್ರೌಸರ್‌ನ ಸೆಟ್ಟಿಂಗ್ಸ್ ತೆರೆದಾಗ, ಎಲ್ಲ ಕಿಟಕಿಗಳನ್ನು ಮುಚ್ಚಿದ ಕೂಡಲೇ ಜಾಲತಾಣಗಳ ದತ್ತಾಂಶವನ್ನು ಅಳಿಸುವ ಆಯ್ಕೆ ಚಾಲನೆಯಲ್ಲಿತ್ತು. ಅದನ್ನು ಹಾಕಿದವರು ಮಗ. ರಜೆಯಲ್ಲಿ ಬರುವ ಮೊಮ್ಮಕ್ಕಳೂ ನೆಂಟರ ಮಕ್ಕಳೂ ಅದೇ ಕಂಪ್ಯೂಟರಿನಲ್ಲಿ ಏನೇನನ್ನೋ ತೆರೆಯುತ್ತಾರೆ, ಯಾವ ಖಾತೆಯೂ ತೆರೆದೇ ಉಳಿಯಬಾರದು ಎಂಬುದು ಅವರ ಯೋಚನೆ, ಅದರಲ್ಲಿ ತಪ್ಪಿಲ್ಲ. ಮೈದುನನ ಮಗ ಬ್ರೌಸರನ್ನು ಹೊಸದಾಗಿ ಹಾಕಿದ ಮೇಲೆಯೂ ಮಗ ಬಂದು ಅದೇ ಎಚ್ಚರಿಕೆಯಿಂದ ಅದೇ ಆಯ್ಕೆಯನ್ನು ಮತ್ತೆ ಹಾಕಿದ್ದರು. ಇಬ್ಬರೂ ಟೀಚರ ಒಳಿತಿಗಾಗಿಯೇ ಕೆಲಸ ಮಾಡಿದ್ದರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೆ.

ಆ ಆಯ್ಕೆಯನ್ನು ತೆಗೆದ ಮೇಲೆ ಕಂಪ್ಯೂಟರ್ ಪರಿಚಿತವಾಗಿಯೇ ಉಳಿಯಿತು. ಆದರೆ ಹೆಚ್ಚು ದಿನವಲ್ಲ. ಮುಂದಿನ ವಾರದಲ್ಲಿ ಮತ್ತೆ ಅದೇ ಉತ್ತರ. ಈ ಸಲ ಕಾರಣ ಬ್ರೌಸರ್‌ನ ಹೊರಗಿತ್ತು: ಕಂಪ್ಯೂಟರ್ ನಿಧಾನವಾಗಿದೆ ಎಂದು ಯಾವಾಗಲೋ ಹಾಕಿಸಿದ ಒಂದು ‘ಕ್ಲೀನರ್’ ತಂತ್ರಾಂಶ ವಾರಕ್ಕೊಮ್ಮೆ ತಾನಾಗಿಯೇ ಓಡಿ, ಕಸವೆಂದು ತಾನು ತಿಳಿದ ಎಲ್ಲವನ್ನೂ, ಕುಕಿಗಳನ್ನೂ ಸೇರಿಸಿ, ಅಳಿಸುತ್ತಿತ್ತು. ಒಂದೇ ಲಕ್ಷಣಕ್ಕೆ ಒಂದರ ಮೇಲೊಂದು ಎರಡು ಕಾರಣಗಳಿದ್ದಾಗ, ಮೊದಲನೆಯದನ್ನು ಸರಿಪಡಿಸಿದ ಮೇಲೂ ಲಕ್ಷಣ ಮರಳುತ್ತದೆ. ಆಗ ಮೊದಲಿನ ತೀರ್ಮಾನವೇ ತಪ್ಪೆಂದು ಭಾವಿಸಿ ಎಲ್ಲವನ್ನೂ ಹಿಂದಕ್ಕೆ ತಿರುಗಿಸುವ ಅಪಾಯವಿದೆ. ದಿನಕ್ಕೊಮ್ಮೆ ಬರುತ್ತಿದ್ದುದು ವಾರಕ್ಕೊಮ್ಮೆಯಾಗಿದೆ ಎಂಬ ವ್ಯತ್ಯಾಸವನ್ನು ಟೀಚರೇ ಗಮನಿಸಿ ಹೇಳಿದ್ದರಿಂದ ನಾವು ಆ ದಾರಿ ಹಿಡಿಯಲಿಲ್ಲ.

ತೀರ್ಮಾನ

ಕಾರಣ ತಿಳಿದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿತ್ತು, ಅವಸರದಲ್ಲಿ ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ: ಈ ಕಂಪ್ಯೂಟರ್ ಬ್ಯಾಂಕಿನ ನಂಬಿಕೆಗೆ ಅರ್ಹವೇ? ಅದು ಮೊಮ್ಮಕ್ಕಳು ಆಟವಾಡುವ, ನೆಂಟರು ಟಿಕೆಟ್ ಕಾಯ್ದಿರಿಸುವ, ವಿಂಡೋಸ್ ಪ್ರವೇಶಕ್ಕೆ ಪಾಸ್‌ವರ್ಡೇ ಇಲ್ಲದ ಯಂತ್ರವಾಗಿತ್ತು. ಅಳಿಸುವ ಆಯ್ಕೆಯನ್ನು ಪೂರ್ತಿಯಾಗಿ ತೆಗೆದುಬಿಟ್ಟರೆ ಟೀಚರ ತೊಂದರೆ ನೀಗುತ್ತದೆ, ಆದರೆ ಆ ನಂಬಿಕೆ ಕಂಪ್ಯೂಟರಿನ ಮುಂದೆ ಕುಳಿತ ಯಾರಿಗೆ ಬೇಕಾದರೂ ಸಲ್ಲುತ್ತದೆ. ಬ್ಯಾಂಕಿನ ವಿಳಾಸವೊಂದಕ್ಕೆ ಮಾತ್ರ ವಿನಾಯಿತಿ ಕೊಟ್ಟು ಉಳಿದವನ್ನು ಅಳಿಸಲು ಬಿಡುವುದು ಎರಡನೆಯ ದಾರಿ. ಅದು ಬ್ರೌಸರ್‌ನ ಮಟ್ಟಿಗೆ ಸರಿ, ಹೊರಗಿನ ಕ್ಲೀನರ್ ಆ ವಿನಾಯಿತಿಯನ್ನು ಲೆಕ್ಕಿಸುವುದಿಲ್ಲ.

ನಾವು ಆರಿಸಿಕೊಂಡದ್ದು ಮೂರನೆಯದು. ವಿಂಡೋಸ್‌ನಲ್ಲಿ ಟೀಚರಿಗೆ ಅವರದೇ ಆದ ಬೇರೆ ಖಾತೆ ಮಾಡಿ, ಅದಕ್ಕೆ ಪಾಸ್‌ವರ್ಡ್ ಇಟ್ಟು, ಉಳಿದವರೆಲ್ಲ ಹಳೆಯ ಖಾತೆಯನ್ನೇ ಬಳಸುವಂತೆ ಮಾಡಿದೆವು. ಪ್ರತಿ ಖಾತೆಯ ಬ್ರೌಸರ್ ದತ್ತಾಂಶ ಬೇರೆಬೇರೆಯಾಗಿರುವುದರಿಂದ, ಮಕ್ಕಳ ಕಡೆ ಮಗ ಹಾಕಿದ್ದ ಕಟ್ಟುನಿಟ್ಟನ್ನು ಮತ್ತೆ ಜಾರಿಗೆ ತರಲು ಅಡ್ಡಿಯಿರಲಿಲ್ಲ. ಕ್ಲೀನರ್ ತಂತ್ರಾಂಶವನ್ನು ತೆಗೆದುಹಾಕಿದೆವು. ಟೀಚರ ಖಾತೆಯಲ್ಲಿಯೂ ಅಳಿಸುವ ಆಯ್ಕೆ ಇರಲೇಬೇಕೆಂದು ಮಗ ಪಟ್ಟು ಹಿಡಿದುದರಿಂದ, ಅಲ್ಲಿ ಬ್ಯಾಂಕಿನ ವಿಳಾಸವನ್ನು ವಿನಾಯಿತಿ ಪಟ್ಟಿಗೆ ಸೇರಿಸಿದೆವು. ಬ್ಯಾಂಕಿನ ಪಾಸ್‌ವರ್ಡನ್ನು ಬ್ರೌಸರ್‌ನಲ್ಲಿ ಉಳಿಸದಿರುವಂತೆ ನೋಡಿಕೊಂಡೆವು, ಏಕೆಂದರೆ ನೆನಪಿಟ್ಟ ಸಾಧನ ಮತ್ತು ನೆನಪಿಟ್ಟ ಪಾಸ್‌ವರ್ಡ್ ಎರಡೂ ಒಂದೇ ಕಡೆ ಇದ್ದರೆ ಒಳಗೆ ಹೋಗಲು ಇನ್ನೇನೂ ಬೇಕಾಗುವುದಿಲ್ಲ.

ಬ್ಯಾಂಕಿನ ಜಾಲತಾಣದಲ್ಲಿ ನಂಬಿಕೆಯ ಸಾಧನಗಳ ಪಟ್ಟಿಯೊಂದಿತ್ತು. ಅದನ್ನು ತೆರೆದು ನೋಡಿದಾಗ ಟೀಚರ್ ಗಾಬರಿಯಾದರು. ಪ್ರತಿ ಸಲ ಅವರು ಹೌದೆಂದು ಗುರುತು ಹಾಕಿದಾಗಲೂ ಬ್ಯಾಂಕು ಒಂದು ಹೊಸ ಸಾಧನವನ್ನು ದಾಖಲಿಸಿಕೊಂಡಿತ್ತು; ಒಂದೇ ಬಗೆಯ ಬ್ರೌಸರ್, ಒಂದೇ ಬಗೆಯ ವಿಂಡೋಸ್, ಪುಟದ ತುಂಬ. ಅವುಗಳ ಜೋಡಿ ಸಂಕೇತಗಳು ಮನೆಯ ಕಡೆ ಅಳಿಸಿಹೋಗಿದ್ದರೂ, ಆ ಗುಂಪಿನಲ್ಲಿ ಪರರ ಸಾಧನವೊಂದು ಸೇರಿಕೊಂಡಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎಲ್ಲವನ್ನೂ ತೆಗೆದು, ಹೊಸ ಖಾತೆಯಿಂದ ಒಂದನ್ನು ಮಾತ್ರ ಸೇರಿಸಿದೆವು.

ಹಣ ವರ್ಗಾಯಿಸಲು ಒಟಿಪಿ ಬೇಕಾಗುವುದು ಇದರಿಂದ ತಪ್ಪಲಿಲ್ಲ, ತಪ್ಪಬಾರದು ಕೂಡ. ಟೀಚರ್ ಕೂಲಿ ಹಾಕುವ ಕೆಲಸವನ್ನು ಮಳೆ ಬಿಟ್ಟ ಹೊತ್ತಿಗೆ ಇಟ್ಟುಕೊಂಡು, ಒಟಿಪಿಗಾಗಿ ತಾವೇ ಉಣಗೋಲಿನವರೆಗೆ ಹೋಗಿ ಬರುವುದನ್ನು ರೂಢಿಸಿಕೊಂಡರು. ಅವಧಿ ಮೀರಿದರೆ ಇನ್ನೊಂದನ್ನು ತರಿಸಿಕೊಳ್ಳುತ್ತಾರೆ. ಪಕ್ಕದ ಮನೆಯ ಹುಡುಗನ ಮೇಲೆ ಯಾರೂ ಹೊರಿಸಬಾರದಿದ್ದ ಹೊಣೆಯೊಂದು ಇಳಿಯಿತು.

ಎರಡನೆಯ ತಿರುವು

ಒಂದು ವರ್ಷಕ್ಕೂ ಹೆಚ್ಚು ಕಾಲ ಯಾವ ತೊಂದರೆಯೂ ಬರಲಿಲ್ಲ. 2025ರ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಟೀಚರ್ ಎಂದಿನಂತೆ ಬುಕ್‌ಮಾರ್ಕ್ ಒತ್ತಿದಾಗ, ಪುಟ ತೆರೆಯುವುದರೊಳಗೆ ಮೇಲಿನ ವಿಳಾಸ ಬೇರೆಯದಕ್ಕೆ ತಿರುಗಿತು. ಪುಟದ ರೂಪ ಹಳೆಯದೇ. ಪಾಸ್‌ವರ್ಡ್ ಹಾಕಿದ ಮೇಲೆ, ‘ಈ ಕಂಪ್ಯೂಟರ್ ನಮಗೆ ಪರಿಚಿತವಲ್ಲ’ ಎಂಬ ಉತ್ತರ. ಟೀಚರ್ ಒಟಿಪಿ ಹಾಕಲಿಲ್ಲ. ಬ್ರೌಸರ್ ಮುಚ್ಚಿ, ಪಾಸ್‌ಬುಕ್ಕಿನಲ್ಲಿ ಅಚ್ಚಾಗಿದ್ದ ಸಂಖ್ಯೆ ನೋಡಿ, ಉಣಗೋಲಿನ ಬಳಿ ಹೋಗಿ ಶಾಖೆಗೆ ಕರೆ ಮಾಡಿದರು. ಬ್ಯಾಂಕಿನ ವಿಳಾಸ ಬದಲಾಗಿದೆ ಎಂದು ಶಾಖೆಯ ಅಧಿಕಾರಿ ಖಚಿತಪಡಿಸಿ, ಹೊಸ ವಿಳಾಸವನ್ನು ಅಕ್ಷರ ಬಿಡಿಸಿ ಹೇಳಿದರು. ಆಮೇಲೆಯೇ ನನಗೆ ಕರೆ ಬಂದದ್ದು. “ಎಷ್ಟೋ ತಿಂಗಳಿಂದ ಕೇಳದೇ ಇದ್ದದ್ದನ್ನ ಇವತ್ತು ಕೇಳ್ತು. ಅದಕ್ಕೇ ನಂಗೆ ಅನುಮಾನ ಬಂತು” ಎಂದರು. ಹಿಂದಿನ ವರ್ಷ ಇದೇ ಮಾತನ್ನು ದಿನವೂ ಕಂಡು ಕಣ್ಣೆತ್ತಿಯೂ ನೋಡದಿದ್ದವರು ಇವರೇ. ಈ ಪ್ರಕರಣದಲ್ಲಿ ನಾವು ಗಳಿಸಿದ್ದು ಏನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಬೇಕಿರಲಿಲ್ಲ.

ವಿಳಾಸ ಬದಲಾದದ್ದು ರಿಸರ್ವ್ ಬ್ಯಾಂಕಿನ ಆದೇಶದಿಂದ. ನಕಲಿ ಜಾಲತಾಣಗಳ ಹಾವಳಿಯನ್ನು ತಡೆಯಲು, ಎಲ್ಲ ಬ್ಯಾಂಕುಗಳೂ ‘ಡಾಟ್ ಬ್ಯಾಂಕ್ ಡಾಟ್ ಇನ್’ (.bank.in) ಎಂದು ಕೊನೆಗೊಳ್ಳುವ ವಿಳಾಸಗಳಿಗೆ 2025ರ ಅಕ್ಟೋಬರ್ 31ರೊಳಗೆ ವರ್ಗವಾಗಬೇಕೆಂದು ಅದು ಸೂಚಿಸಿತ್ತು. ಆ ವಿಳಾಸಗಳನ್ನು ಕೊಡುವ ಅಧಿಕಾರ ರಿಸರ್ವ್ ಬ್ಯಾಂಕ್ ಸ್ಥಾಪಿಸಿದ, ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ ಇದೆ, ಆದ್ದರಿಂದ ಬ್ಯಾಂಕಲ್ಲದವರು ಅದನ್ನು ಪಡೆಯಲಾಗದು. ಇಲ್ಲಿ ಒಂದು ಸೂಕ್ಷ್ಮವನ್ನು ಗ್ರಾಹಕರು ಗಮನಿಸಬೇಕು. ವಿಳಾಸದಲ್ಲಿ ಆರಂಭದ ‘https://’ ಬಿಟ್ಟು, ಆಮೇಲೆ ಬರುವ ಮೊದಲ ಓರೆಗೀಟಿಗೆ ಮುಂಚಿನ ಭಾಗವನ್ನು ಕೊನೆಯಿಂದ ಓದಬೇಕು, ಮತ್ತು ‘ಬ್ಯಾಂಕ್’ ಎಂಬ ಪದಕ್ಕೆ ಮೊದಲು ಚುಕ್ಕೆಯೇ ಇರಬೇಕು. ಚುಕ್ಕೆಯ ಬದಲು ಅಡ್ಡಗೀಟು ಇದ್ದರೆ, ಅಥವಾ ಹಿಂದಿನ ಪದಕ್ಕೆ ‘ಬ್ಯಾಂಕ್’ ಅಂಟಿಕೊಂಡಿದ್ದರೆ, ಅದು ಯಾರು ಬೇಕಾದರೂ ಕೊಳ್ಳಬಹುದಾದ ಬೇರೆಯೇ ವಿಳಾಸ. ಟೀಚರ್ ಇದನ್ನು ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಕಂಪ್ಯೂಟರಿನ ಪಕ್ಕ ಅಂಟಿಸಿದ್ದಾರೆ.

ಒಂದು ವಿಳಾಸ ಇಟ್ಟ ಕುಕಿಯನ್ನು ಬ್ರೌಸರ್ ಇನ್ನೊಂದು ವಿಳಾಸಕ್ಕೆ ತೋರಿಸುವುದಿಲ್ಲ. ಒಂದು ತಾಣ ಇನ್ನೊಂದರ ಗುಟ್ಟನ್ನು ಓದಬಾರದೆಂಬ ಈ ನಿಯಮದ ಮೇಲೆಯೇ ಬ್ರೌಸರ್‌ಗಳ ಭದ್ರತೆ ನಿಂತಿದೆ. ಆದ್ದರಿಂದ ಬ್ಯಾಂಕು ಹೊಸ ವಿಳಾಸಕ್ಕೆ ಹೋದಾಗ ಹಳೆಯ ಸಂಕೇತ ಅದರ ಜೊತೆ ಹೋಗಲಿಲ್ಲ. ಒಟಿಪಿ ಹಾಕಿ ಹೊಸದಾಗಿ ನೋಂದಾಯಿಸಿದೆವು. ಮರುದಿನ ಕಂಪ್ಯೂಟರ್ ಮತ್ತೆ ಅಪರಿಚಿತವಾಯಿತು. ಹಿಂದಿನ ವರ್ಷದ ದಾಖಲೆಯನ್ನು ನಾವು ಬರೆದಿಟ್ಟಿದ್ದರಿಂದ ಈ ಸಲ ಹುಡುಕಾಟ ಬೇಕಾಗಲಿಲ್ಲ: ವಿನಾಯಿತಿ ಪಟ್ಟಿಯಲ್ಲಿದ್ದುದು ಬ್ಯಾಂಕಿನ ಹಳೆಯ ವಿಳಾಸ, ಹೊಸ ವಿಳಾಸದ ಕುಕಿಯನ್ನು ಬ್ರೌಸರ್ ಪ್ರತಿ ಸಲ ಮುಚ್ಚುವಾಗ ತಪ್ಪದೆ ಅಳಿಸುತ್ತಿತ್ತು. ಹೊಸದನ್ನು ಸೇರಿಸಿ, ಹಳೆಯದನ್ನು ತೆಗೆದು, ಬುಕ್‌ಮಾರ್ಕ್ ಬದಲಿಸಿದ ಮೇಲೆ ಎಲ್ಲ ಸರಿಯಾಯಿತು.

ಅದೇ ಸಮಯಕ್ಕೆ ಇನ್ನೊಂದು ವಿಷಯ ತೀರ್ಮಾನವಾಗಬೇಕಿತ್ತು. ಟೀಚರ ಕಂಪ್ಯೂಟರಿನಲ್ಲಿದ್ದುದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಯಂತ್ರ ಹಳೆಯದಾದ್ದರಿಂದ ವಿಂಡೋಸ್ 11 ಅದರಲ್ಲಿ ಹಿಡಿಯುವುದಿಲ್ಲ. ಭದ್ರತಾ ಪರಿಷ್ಕರಣೆ ಬಾರದ ಯಂತ್ರವನ್ನು ನಂಬಿಕೆಯ ಸಾಧನವೆಂದು ಉಳಿಸಿಕೊಳ್ಳಲು ನಾನು ಒಪ್ಪಲಿಲ್ಲ. ಮನೆಬಳಕೆದಾರರಿಗೆ 2026ರ ಅಕ್ಟೋಬರ್‌ವರೆಗೆ ಕೊಟ್ಟಿರುವ ವಿಸ್ತರಿತ ಭದ್ರತಾ ಪರಿಷ್ಕರಣೆಗೆ ಸೇರಿಸಿ, ಅಷ್ಟರೊಳಗೆ ಹೊಸ ಯಂತ್ರ ಕೊಳ್ಳುವುದೆಂದು ಟೀಚರೂ ಮಗನೂ ನಿರ್ಧರಿಸಿದರು.

ಕಲಿತದ್ದು ಮತ್ತು ಉಳಿದಿರುವುದು

ಇದನ್ನು ಓದುವವರಲ್ಲಿ ಬ್ಯಾಂಕ್ ಸಿಬ್ಬಂದಿಯಿದ್ದರೆ ಅವರಿಗೆ ನನ್ನದೊಂದು ಕೋರಿಕೆಯಿದೆ. ಗ್ರಾಹಕರು ‘ದಿನಾ ಒಟಿಪಿ ಕೇಳುತ್ತದೆ’ ಎಂದು ಬಂದಾಗ ಅದನ್ನು ಭದ್ರತೆಗಾಗಿ ಸಹಿಸಿಕೊಳ್ಳಬೇಕಾದ ಕಿರಿಕಿರಿ ಎಂದು ಕಳುಹಿಸಬೇಡಿ. ಒಂದೇ ಸಾಧನ ಮತ್ತೆ ಮತ್ತೆ ಹೊಸದೆಂದು ದಾಖಲಾಗುತ್ತಿರುವುದು ಬ್ಯಾಂಕಿನ ಕಡೆ ಕಾಣುವ ಸಂಗತಿ. ಅದನ್ನು ಕಂಡು ಒಂದು ಮಾತು ಹೇಳಿದ್ದರೆ ಟೀಚರ್ ಅಪರಿಚಿತ ಸಂಖ್ಯೆಗೆ ಕರೆ ಮಾಡುವ ಹಂತ ಬರುತ್ತಿರಲಿಲ್ಲ. ಎಚ್ಚರಿಕೆಯ ಸಂದೇಶದಲ್ಲಿ ಯಾವ ಬ್ರೌಸರ್, ಯಾವ ಹೊತ್ತು, ಯಾವ ಊರಿನ ಕಡೆಯಿಂದ ಎಂಬಿಷ್ಟನ್ನು ಸೇರಿಸಿದರೂ ಗ್ರಾಹಕರಿಗೆ ತಮ್ಮದನ್ನು ಪರರದರಿಂದ ಬೇರ್ಪಡಿಸಲು ಆಧಾರ ಸಿಗುತ್ತದೆ. ಟೀಚರ್ ಈ ಸಲಹೆಯನ್ನು ಶಾಖೆಗೆ ಬರವಣಿಗೆಯಲ್ಲಿ ಕೊಟ್ಟಿದ್ದಾರೆ, ಸಂದೇಶದ ಮಾತುಗಳು ಇನ್ನೂ ಬದಲಾಗಿಲ್ಲ.

ಮನೆಯವರ ಮಟ್ಟಿಗೆ, ಹಿರಿಯರ ಕಂಪ್ಯೂಟರಿನಲ್ಲಿ ಯಾರು ಏನು ಬದಲಿಸಿದರೂ ಅದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಈ ಪ್ರಕರಣದಿಂದ ಹುಟ್ಟಿದ ಕ್ರಮ. ಟೀಚರ ಮನೆಯಲ್ಲಿ ಈಗ ಅಂತಹ ಪುಸ್ತಕವಿದೆ. ಮಗ, ಮೈದುನನ ಮಗ, ನಾನು ಮೂವರೂ ಅದರಲ್ಲಿ ಬರೆಯುತ್ತೇವೆ. ಕುಕಿಗೆ ಕೊನೆಯ ದಿನವೂ ಇದೆ ಎಂದು ಅದರಲ್ಲಿ ದಾಖಲಿಸಿದ್ದೇವೆ. ಕ್ರೋಮ್ ಬ್ರೌಸರ್ 2022ರಿಂದ ಯಾವ ಕುಕಿಯನ್ನೂ ಒಮ್ಮೆಗೆ 400 ದಿನಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳಲು ಬಿಡುವುದಿಲ್ಲ, ಬ್ಯಾಂಕುಗಳು ಅದಕ್ಕಿಂತ ಕಡಿಮೆ ಅವಧಿಯನ್ನೂ ಗೊತ್ತುಪಡಿಸಬಹುದು. ಹಾಗಾಗಿ ಎಂದೋ ಒಮ್ಮೆ ಬ್ಯಾಂಕು ಮತ್ತೆ ಕೇಳಿಯೇ ಕೇಳುತ್ತದೆ. ಆಗ ಏನು ಮಾಡಬೇಕೆಂಬುದನ್ನೂ ಬರೆದಿದೆ: ಮೊದಲು ವಿಳಾಸವನ್ನು ಅಕ್ಷರ ಬಿಡಿಸಿ ಓದುವುದು, ಸಂಶಯವಿದ್ದರೆ ಪಾಸ್‌ಬುಕ್ಕಿನ ಸಂಖ್ಯೆಗೆ ಮಾತ್ರ ಕರೆ ಮಾಡುವುದು, ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತದಿರುವುದು.

ಹೊಸ ಯಂತ್ರ ಬಂದಾಗ ಮಾಡಬೇಕಾದ ಕೆಲಸವನ್ನೂ ಟೀಚರ್ ತಮ್ಮ ಕೈಯಿಂದಲೇ ಅದರಲ್ಲಿ ಬರೆದುಕೊಂಡಿದ್ದಾರೆ. ಹಳೆಯ ಕಂಪ್ಯೂಟರನ್ನು ಯಾರಿಗಾದರೂ ಕೊಡುವ ಮೊದಲು ಬ್ಯಾಂಕಿನ ಪಟ್ಟಿಯಿಂದ ಅದನ್ನು ತೆಗೆಯಬೇಕು, ಆಮೇಲೆ ಅದರ ಡಿಸ್ಕನ್ನು ಪೂರ್ತಿಯಾಗಿ ಅಳಿಸಬೇಕು. ಹೊಸದನ್ನು ಸೇರಿಸಿದ ದಿನ ಬರುವ ಎಚ್ಚರಿಕೆಯ ಸಂದೇಶವನ್ನು ಓದಿ, ಅದು ತಮ್ಮದೇ ಎಂದು ದಿನಾಂಕ ಹಾಕಿ ಗುರುತು ಮಾಡಬೇಕು.